ಕಾಂತಕ್ಷೇತ್ರದಲ್ಲಿ ಕಣಗಳ ಸುತ್ತಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಅಯಸ್ಕಾಂತ ಮತ್ತು ವಿದ್ಯುತ್ತಿಗೆ ಸೇರಿದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರು ಬೇರೆ ಬೇರೆ ಕಸುಬಿನವರು. ಆದರೂ ವೆಲ್ಡಿಂಗ್ ಶೆಡ್ಡಿನ ಆರ್ಕ್, ಕಾಲೇಜು ಲ್ಯಾಬಿನ ಹೊಳೆಯುವ ಉಂಗುರ, ಲಡಾಖಿನ ಕೆಂಪು ಆಕಾಶ ಎಲ್ಲದರ ಹಿಂದೆ ಇರುವ ನಿಯಮ ಒಂದೇ. ಹಾಗಾಗಿ ಮೊದಲ ಉತ್ತರವನ್ನು ಎಲ್ಲರೂ ಓದಿಕೊಳ್ಳಿ. ಉಳಿದವು ಅದರ ಮೇಲೆ ನಿಂತಿವೆ.

ಪ್ರಶ್ನೆ: ಕಾಂತಕ್ಷೇತ್ರದಲ್ಲಿ ಚಲಿಸುವ ಆವೇಶದ ಮೇಲೆ ಬಲ ಬೀಳುತ್ತದೆ, ಆದರೆ ಆ ಬಲ ಮಾಡುವ ಕೆಲಸ ಸೊನ್ನೆ ಎಂದು ಪಾಠದಲ್ಲಿದೆ. ಹಾಗಿದ್ದರೆ ಮೋಟಾರು ಭಾರ ಎಳೆಯುವುದು ಹೇಗೆ? ಅಲ್ಲಿಯೂ ಇರುವುದು ಅಯಸ್ಕಾಂತ ಮತ್ತು ವಿದ್ಯುತ್ ತಾನೆ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಒಕ್ಕಲು ಕಣದ ನಡುವೆ ನೆಟ್ಟ ಮೇಟಿಗೆ ಕಟ್ಟಿದ ಎತ್ತನ್ನು ನೆನಪಿಸಿಕೊಳ್ಳಿ. ಹಗ್ಗ ಅದನ್ನು ಸದಾ ಒಳಕ್ಕೆ ಎಳೆಯುತ್ತಿರುತ್ತದೆ, ಅದಕ್ಕೇ ಎತ್ತು ಸುತ್ತು ಹೊಡೆಯುತ್ತದೆ. ಆದರೆ ನಡೆಯುವ ಕಸುವು ಎತ್ತಿನದು, ಹಗ್ಗದ್ದಲ್ಲ. ಕಾಂತಬಲವೂ ಹೀಗೆಯೇ. ಅದು ಯಾವಾಗಲೂ ಕಣದ ವೇಗಕ್ಕೆ ಲಂಬವಾಗಿರುತ್ತದೆ, ಜೊತೆಗೆ ಕಾಂತಕ್ಷೇತ್ರಕ್ಕೂ ಲಂಬವಾಗಿರುತ್ತದೆ. ವೇಗದ ದಿಕ್ಕಿನಲ್ಲಿ ಬಲದ ಪಾಲು ಇಲ್ಲದ ಮೇಲೆ ಕೆಲಸವೂ ಇಲ್ಲ. ಕಣದ ದಾರಿ ಬಾಗುತ್ತದೆ, ವೇಗದ ಪ್ರಮಾಣ ಹಾಗೇ ಉಳಿಯುತ್ತದೆ.

ಬಲದ ಪ್ರಮಾಣ: ಆವೇಶ × ವೇಗ × ಕಾಂತಕ್ಷೇತ್ರ × ವೇಗಕ್ಕೂ ಕ್ಷೇತ್ರಕ್ಕೂ ನಡುವಿನ ಕೋನದ ಸೈನ್. ಇದನ್ನು ಕೇಂದ್ರಾಭಿಮುಖ ಬಲಕ್ಕೆ ಸಮ ಮಾಡಿದರೆ ವೃತ್ತದ ತ್ರಿಜ್ಯ ಸಿಗುತ್ತದೆ: (ದ್ರವ್ಯರಾಶಿ × ವೇಗ) ÷ (ಆವೇಶ × ಕಾಂತಕ್ಷೇತ್ರ). ಒಂದು ಸುತ್ತಿಗೆ ಬೇಕಾದ ಕಾಲ: 2 × ಪೈ × ದ್ರವ್ಯರಾಶಿ ÷ (ಆವೇಶ × ಕಾಂತಕ್ಷೇತ್ರ). ಕಾಲದ ಸೂತ್ರದಲ್ಲಿ ವೇಗವೇ ಇಲ್ಲ ಎಂಬುದನ್ನು ಗಮನಿಸಿ. ವೇಗದ ಕಣ ದೊಡ್ಡ ಸುತ್ತು ಹಾಕುತ್ತದೆ, ನಿಧಾನದ ಕಣ ಚಿಕ್ಕ ಸುತ್ತು ಹಾಕುತ್ತದೆ, ಎರಡೂ ಒಂದೇ ಹೊತ್ತಿಗೆ ಮುಗಿಸುತ್ತವೆ. 1 ಟೆಸ್ಲಾ ಕ್ಷೇತ್ರದಲ್ಲಿ ಪ್ರೋಟಾನು ಸೆಕೆಂಡಿಗೆ ಸುಮಾರು 1.52 ಕೋಟಿ ಸುತ್ತು ಹಾಕುತ್ತದೆ, ಎಲೆಕ್ಟ್ರಾನು 2,800 ಕೋಟಿ ಸುತ್ತು. ಕ್ಷೇತ್ರದ ಗೆರೆಗುಂಟ ವೇಗದ ಒಂದಿಷ್ಟು ಪಾಲು ಇದ್ದರೆ ಅದಕ್ಕೆ ಬಲ ತಗಲುವುದೇ ಇಲ್ಲ. ಆಗ ವೃತ್ತ ಮುಂದಕ್ಕೆ ಜಾರುತ್ತ ಸ್ಪ್ರಿಂಗಿನಂಥ ಸುರುಳಿಯಾಗುತ್ತದೆ.

ಈಗ ಮೋಟಾರು. ತಂತಿಯೊಳಗಿನ ಎಲೆಕ್ಟ್ರಾನುಗಳು ತಂತಿಗುಂಟ ಹರಿಯುತ್ತವೆ, ಅದರ ಜೊತೆಗೆ ತಂತಿಯೇ ತಿರುಗುವುದರಿಂದ ಅಡ್ಡಲಾಗಿಯೂ ಸಾಗುತ್ತವೆ. ಹೀಗಾಗಿ ಅವುಗಳ ಮೇಲಿನ ಕಾಂತಬಲಕ್ಕೂ ಎರಡು ಪಾಲು. ಒಂದು ಪಾಲು ತಂತಿಯನ್ನು ಪಕ್ಕಕ್ಕೆ ದೂಡುತ್ತದೆ. ನಮಗೆ ಕಾಣುವ ತಿರುಗುವಿಕೆ ಅದು. ಇನ್ನೊಂದು ಪಾಲು ತಂತಿಗುಂಟ ಹಿಂದಕ್ಕೆ ಒತ್ತಿ ವಿದ್ಯುತ್ ಹರಿವನ್ನು ತಡೆಯುತ್ತದೆ. ಪಾಠದಲ್ಲಿ ಇದಕ್ಕೆ ಬ್ಯಾಕ್ ಇಎಂಎಫ್ ಎನ್ನುತ್ತಾರೆ. ಮೊದಲನೆಯದು ಮಾಡುವ ಕೆಲಸ ಎಷ್ಟೋ ಎರಡನೆಯದು ಕಳೆಯುವುದೂ ಅಷ್ಟೇ, ಮೊತ್ತ ಸೊನ್ನೆ. ಆ ತಡೆಯನ್ನು ಮೀರಿ ವಿದ್ಯುತ್ತನ್ನು ಹರಿಸುವುದು ಬ್ಯಾಟರಿ. ಭಾರ ಎಳೆಯುವ ಶಕ್ತಿ ಅಲ್ಲಿಂದ ಬರುತ್ತದೆ, ಅಯಸ್ಕಾಂತ ಅದನ್ನು ಅಡ್ಡದಿಕ್ಕಿಗೆ ತಿರುಗಿಸಿ ಕೊಡುವ ಮಧ್ಯವರ್ತಿ. ಆಟಿಕೆಯ ಡಿಸಿ ಮೋಟಾರಿಗೆ ಆಮೀಟರು ಜೋಡಿಸಿ, ಓಡುತ್ತಿರುವಾಗ ಶಾಫ್ಟನ್ನು ಬೆರಳಿನಿಂದ ಮೆಲ್ಲಗೆ ಹಿಡಿಯಿರಿ. ವೇಗ ಇಳಿದಂತೆ ತಡೆ ಕಡಿಮೆಯಾಗಿ ಕರೆಂಟು ಏರುವುದು ಕಣ್ಣಿಗೇ ಕಾಣುತ್ತದೆ. ಪೂರ್ತಿ ಹಿಡಿದು ನಿಲ್ಲಿಸಿದರೆ ತಡೆ ಸೊನ್ನೆಯಾಗುತ್ತದೆ, ಸುರುಳಿ ಬೇಗ ಸುಡುತ್ತದೆ. ಹೆಚ್ಚು ಹೊತ್ತು ಹಿಡಿಯಬೇಡಿ.

ಪರೀಕ್ಷೆಗೆ ಕೂರುವವರಿಗೆ ಒಂದು ಮಾತು. ಅಂಕ ಹೋಗುವುದು ಹೆಚ್ಚಾಗಿ ಮೂರು ಕಡೆ: ಎಲೆಕ್ಟ್ರಾನಿನ ಋಣ ಚಿಹ್ನೆ ಮರೆತು ದಿಕ್ಕು ತಿರುವುಮುರುವು ಮಾಡುವುದು, ಗಾಸನ್ನು ಟೆಸ್ಲಾಕ್ಕೆ ಬದಲಿಸದೆ ಬಿಡುವುದು (1 ಟೆಸ್ಲಾ ಎಂದರೆ 10,000 ಗಾಸ್), ಕಣಗಳ ಶಕ್ತಿಯ ಅಳತೆಯಾದ ಎಲೆಕ್ಟ್ರಾನ್ ವೋಲ್ಟನ್ನು ಜೂಲ್ ಮಾಡದೆ ಸೂತ್ರಕ್ಕೆ ಹಾಕುವುದು.

ಪ್ರಶ್ನೆ: ಬಿಎಸ್ಸಿ ಲ್ಯಾಬಿನಲ್ಲಿ ಹೆಲ್ಮ್‌ಹೋಲ್ಟ್ಸ್ ಸುರುಳಿಗಳ ನಡುವೆ ಗಾಜಿನ ಬುರುಡೆ ಇಟ್ಟು ಎಲೆಕ್ಟ್ರಾನಿನ ಆವೇಶ ಮತ್ತು ದ್ರವ್ಯರಾಶಿಯ ಅನುಪಾತ ಅಳೆಯುತ್ತೇವೆ. ಪುಸ್ತಕದ ಬೆಲೆ ಕಿಲೋಗ್ರಾಮಿಗೆ 1.76 × 10¹¹ ಕೂಲಂಬ್. ನಮಗೆ ಒಂದು ದಿನ 1.9, ಇನ್ನೊಂದು ದಿನ 1.6 ಬರುತ್ತದೆ. ಉಪಕರಣ ಕೆಟ್ಟಿದೆಯೇ?
— ಪದವಿ ವಿದ್ಯಾರ್ಥಿಗಳು, ಧಾರವಾಡ

ಉತ್ತರ: ಉಪಕರಣವನ್ನು ದೂರುವ ಮೊದಲು ಅಳತೆಪಟ್ಟಿಯನ್ನು ನೋಡಿ. ನಿಮ್ಮ ಎರಡೂ ಉತ್ತರಗಳು ಒಂದೆರಡು ಮಿಲಿಮೀಟರಿನ ತಪ್ಪಿನಿಂದಲೇ ಬರಬಹುದು.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯವಾಗಿ ಸಿಗುವ ಸುರುಳಿಗಳಲ್ಲಿ ತಲಾ 130 ಸುತ್ತು, ತ್ರಿಜ್ಯ 15 ಸೆಂಟಿಮೀಟರ್, ಎರಡರ ನಡುವಿನ ಅಂತರವೂ 15. ಇಂಥ ಜೋಡಿ ಪ್ರತಿ ಆಂಪಿಯರಿಗೆ 0.78 ಮಿಲಿಟೆಸ್ಲಾ ಕ್ಷೇತ್ರ ಕೊಡುತ್ತದೆ. 1.5 ಆಂಪಿಯರ್ ಹರಿಸಿದರೆ 1.17 ಮಿಲಿಟೆಸ್ಲಾ. ಆನೋಡಿಗೆ 200 ವೋಲ್ಟ್ ಕೊಟ್ಟರೆ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 8,400 ಕಿಲೋಮೀಟರ್, ಎಲೆಕ್ಟ್ರಾನು ಧಾರೆ ಬಾಗಿ ಮಾಡುವ ಹೊಳೆಯುವ ಉಂಗುರದ ತ್ರಿಜ್ಯ 4.07 ಸೆಂಟಿಮೀಟರ್. ಅನುಪಾತದ ಸೂತ್ರ: 2 × ವೋಲ್ಟೇಜು ÷ (ಕ್ಷೇತ್ರದ ವರ್ಗ × ತ್ರಿಜ್ಯದ ವರ್ಗ). ತ್ರಿಜ್ಯ ವರ್ಗದಲ್ಲಿ ಕೂತಿರುವುದರಿಂದ ಅದರಲ್ಲಿ 1 ಶೇಕಡಾ ತಪ್ಪಿದರೆ ಉತ್ತರ 2 ಶೇಕಡಾ ತಪ್ಪುತ್ತದೆ. 4.07 ಇರುವುದನ್ನು 3.9 ಎಂದು ಓದಿದರೆ ಉತ್ತರ 1.92. 4.3 ಎಂದು ಓದಿದರೆ 1.58. ನಿಮ್ಮ ಎರಡು ದಿನಗಳ ಕಥೆ ಇಷ್ಟರಲ್ಲೇ ಮುಗಿಯಬಹುದು. ಉತ್ತರ ನಾಲ್ಕನೆಯ ಒಂದು ಭಾಗ, ಅಂದರೆ 0.44 ಬಂದರೆ ವ್ಯಾಸವನ್ನೇ ತ್ರಿಜ್ಯವೆಂದು ಹಾಕಿದ್ದೀರಿ.

ಉಂಗುರ ಇರುವುದು ಬುರುಡೆಯ ನಡುವೆ, ಸ್ಕೇಲು ಇರುವುದು ಹಿಂದೆ ಅಥವಾ ಮುಂದೆ. ಕಣ್ಣು ಸ್ವಲ್ಪ ಸರಿದರೂ ಓದು ಬದಲಾಗುತ್ತದೆ. ಸ್ಕೇಲಿನ ಹಿಂದೆ ಕನ್ನಡಿ ಇದ್ದರೆ ಉಂಗುರದ ಅಂಚೂ ಅದರ ಪ್ರತಿಬಿಂಬವೂ ಒಂದರ ಮೇಲೊಂದು ಕೂತಾಗ ಮಾತ್ರ ಓದಿ. ಎಡ ಅಂಚನ್ನು ಓದಿ, ತಲೆ ಸರಿಸಿ ಬಲ ಅಂಚನ್ನು ಓದಿ, ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ. ಕೆಲವು ಬುರುಡೆಗಳ ಒಳಗೇ ಏಣಿಯಂಥ ಕಡ್ಡಿಗಳಿರುತ್ತವೆ. ಅಂಥದ್ದಿದ್ದರೆ ಸ್ಕೇಲನ್ನು ಮರೆತುಬಿಡಿ. ಉಂಗುರ ಸರಿಯಾಗಿ ಕಡ್ಡಿಗೆ ತಗಲುವಂತೆ ಕರೆಂಟನ್ನು ಹೊಂದಿಸಿ ಆ ಕರೆಂಟನ್ನು ಬರೆದುಕೊಳ್ಳಿ. ಇದು ಎಲ್ಲಕ್ಕಿಂತ ನಂಬಿಕೆಯ ವಿಧಾನ.

ಉಂಗುರಕ್ಕೆ ದಪ್ಪವಿದೆ, ಯಾವ ಅಂಚು? ಹೊರ ಅಂಚು. ಬುರುಡೆಯೊಳಗೆ ಬೇಕೆಂದೇ ಸ್ವಲ್ಪ ಅನಿಲ ಬಿಟ್ಟಿರುತ್ತಾರೆ. ಎಲೆಕ್ಟ್ರಾನು ಅದಕ್ಕೆ ಬಡಿದು ಬೆಳಕು ಬರುವುದರಿಂದಲೇ ದಾರಿ ಕಾಣುತ್ತದೆ. ಬಡಿದ ಎಲೆಕ್ಟ್ರಾನು ಶಕ್ತಿ ಕಳೆದುಕೊಂಡು ಚಿಕ್ಕ ವೃತ್ತಕ್ಕೆ ಇಳಿಯುತ್ತದೆ. ಬಡಿಯದೆ ಪೂರ್ತಿ ವೇಗ ಉಳಿಸಿಕೊಂಡವು ಹೊರ ಅಂಚಿನಲ್ಲಿರುತ್ತವೆ. ಒಳ ಅಂಚನ್ನು ಅಳೆದವರಿಗೆ ಯಾವಾಗಲೂ ಉತ್ತರ ಹೆಚ್ಚೇ ಬರುತ್ತದೆ.

ಇನ್ನು ಭೂಮಿಯ ಕ್ಷೇತ್ರ. ನಮ್ಮ ಕಡೆ ಅದು ಸುಮಾರು 40 ಮೈಕ್ರೊಟೆಸ್ಲಾ, ಬಹುಪಾಲು ನೆಲಕ್ಕೆ ಸಮಾಂತರವಾಗಿ ಉತ್ತರಕ್ಕೆ ಮುಖ ಮಾಡಿದೆ. ಸುರುಳಿಗಳ ಅಕ್ಷವನ್ನು ಉತ್ತರ-ದಕ್ಷಿಣ ಇಟ್ಟರೆ ಅದು ನಿಮ್ಮ 1,170 ಮೈಕ್ರೊಟೆಸ್ಲಾಕ್ಕೆ ನೇರವಾಗಿ ಕೂಡುತ್ತದೆ ಇಲ್ಲವೇ ಕಳೆಯುತ್ತದೆ. ಕ್ಷೇತ್ರದಲ್ಲಿ 3.4 ಶೇಕಡಾ ಎಂದರೆ ಉತ್ತರದಲ್ಲಿ 7 ಶೇಕಡಾ. ಅದೇ ಅಕ್ಷವನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿದರೆ ಎರಡು ಕ್ಷೇತ್ರಗಳು ಒಂದಕ್ಕೊಂದು ಲಂಬವಾಗಿ, ಒಟ್ಟು ಪ್ರಮಾಣದ ವ್ಯತ್ಯಾಸ 0.1 ಶೇಕಡಾಕ್ಕೂ ಕಡಿಮೆಯಾಗುತ್ತದೆ. ಖರ್ಚಿಲ್ಲದ ಈ ತಿದ್ದುಪಡಿಯನ್ನು ದಯವಿಟ್ಟು ಮಾಡಿ. ಒಟ್ಟು ಕ್ಷೇತ್ರ ಸುಮಾರು 2 ಡಿಗ್ರಿ ವಾಲುವುದರಿಂದ ಉಂಗುರ ಕೂಡಿಕೊಳ್ಳದೆ ಸುರುಳಿಯಾಗಬಹುದು. ಬುರುಡೆಯನ್ನು ಅದರ ಹಿಡಿಯಲ್ಲಿ ಸ್ವಲ್ಪ ತಿರುಗಿಸಿದರೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಮೇಜು, ಸ್ಪೀಕರು, ಮೊಬೈಲು ಹತ್ತಿರ ಬೇಡ.

ಕ್ರಮವೂ ಮುಖ್ಯ. ಮೊದಲು ಫಿಲಮೆಂಟಿಗೆ 6.3 ವೋಲ್ಟ್ ಕೊಟ್ಟು ಎರಡು ನಿಮಿಷ ಕಾಯಿರಿ, ಆಮೇಲೆ ಆನೋಡು ವೋಲ್ಟೇಜು ಏರಿಸಿ. ತಣ್ಣಗಿರುವ ಕ್ಯಾಥೋಡಿಗೆ ಹೈ ವೋಲ್ಟೇಜು ಕೊಟ್ಟರೆ ಅದರ ಲೇಪ ಹಾಳಾಗಿ ಬುರುಡೆಯ ಆಯುಸ್ಸು ಕಡಿಮೆಯಾಗುತ್ತದೆ. ಎಲೆಕ್ಟ್ರಾನು ಧಾರೆ ಬಂದರೂ ಬಾಗದಿದ್ದರೆ ಸುರುಳಿಗಳಲ್ಲಿ ಒಂದರ ವಯರು ಉಲ್ಟಾ ಆಗಿರುತ್ತದೆ, ನಡುವಿನಲ್ಲಿ ಎರಡೂ ಕ್ಷೇತ್ರ ಒಂದನ್ನೊಂದು ಅಳಿಸುತ್ತವೆ. ಬುರುಡೆ ತೆಗೆದು ಆ ಜಾಗದಲ್ಲಿ ದಿಕ್ಸೂಚಿ ಹಿಡಿದರೆ ಗೊತ್ತಾಗುತ್ತದೆ. ಸುರುಳಿಗಳು ಸರಣಿಯಲ್ಲೇ ಇರಬೇಕು, ಆಗ ಎರಡರಲ್ಲೂ ಒಂದೇ ಕರೆಂಟು. ಹತ್ತು ನಿಮಿಷ ಓಡಿದ ಮೇಲೆ ಸುರುಳಿ ಬಿಸಿಯಾಗಿ ಕರೆಂಟು ಇಳಿಯುತ್ತದೆ, ಆದ್ದರಿಂದ ವ್ಯಾಸ ಓದಿದ ಕ್ಷಣದಲ್ಲೇ ಆಮೀಟರನ್ನೂ ಓದಿ.

ಒಂದೇ ಓದಿನಿಂದ ಉತ್ತರ ಬರೆಯಬೇಡಿ. ಕರೆಂಟನ್ನು ಸ್ಥಿರವಾಗಿಟ್ಟು 150ರಿಂದ 250 ವೋಲ್ಟ್‌ವರೆಗೆ 20ರ ಹೆಜ್ಜೆಯಲ್ಲಿ ತ್ರಿಜ್ಯ ಅಳೆದು, ವೋಲ್ಟೇಜಿಗೆ ಎದುರಾಗಿ ತ್ರಿಜ್ಯದ ವರ್ಗವನ್ನು ಗ್ರಾಫ್ ಹಾಕಿ. ಗೆರೆಯ ಇಳಿಜಾರಿನಿಂದ ಅನುಪಾತ ಸಿಗುತ್ತದೆ. ಗೆರೆ ಮೂಲಬಿಂದುವಿನ ಮೂಲಕ ಹೋಗದಿದ್ದರೆ ಎಲ್ಲ ಓದುಗಳಲ್ಲೂ ಒಂದೇ ಬಗೆಯ ತಪ್ಪು ಕೂತಿದೆ ಎಂದರ್ಥ, ಮತ್ತು ಆ ತಪ್ಪನ್ನು ಹುಡುಕುವುದು ಈ ಪ್ರಯೋಗದ ಅರ್ಧ ಪಾಠ.

ಪ್ರಶ್ನೆ: ಹಳೆಯ ಟ್ರಾನ್ಸ್‌ಫಾರ್ಮರ್ ವೆಲ್ಡಿಂಗ್ ಮೆಷಿನ್ ಕೊಟ್ಟು ಹೊಸ ಇನ್ವರ್ಟರ್ ಮೆಷಿನ್ ತಂದೆವು. ಈಗ ದಪ್ಪ ಪ್ಲೇಟಿನ ತುದಿಗೆ ಬಂದಾಗ ಆರ್ಕ್ ಪಕ್ಕಕ್ಕೆ ಎಳೆಯುತ್ತದೆ, ಸ್ಪಾಟರ್ ಜಾಸ್ತಿ, ಬೀಡ್ ತೂತಾಗುತ್ತದೆ. ಮೆಷಿನ್ ದೋಷವೇ?
— ಫ್ಯಾಬ್ರಿಕೇಶನ್ ಶೆಡ್, ಪೀಣ್ಯ, ಬೆಂಗಳೂರು

ಉತ್ತರ: ಮೆಷಿನ್ ಸರಿಯಾಗಿದೆ. ಹಳೆಯದು ಎಸಿ ಕೊಡುತ್ತಿತ್ತು, ಹೊಸದು ಡಿಸಿ ಕೊಡುತ್ತದೆ. ನೀವು ನೋಡುತ್ತಿರುವುದು ಆರ್ಕ್ ಬ್ಲೋ, ಅಂದರೆ ಕಾಂತಬಲಕ್ಕೆ ಆರ್ಕ್ ಪಕ್ಕಕ್ಕೆ ಸರಿಯುವುದು.

ಆರ್ಕ್ ಎಂದರೆ ರಾಡಿಗೂ ಪ್ಲೇಟಿಗೂ ನಡುವೆ ಹರಿಯುವ ಎಲೆಕ್ಟ್ರಾನು ಮತ್ತು ಅಯಾನುಗಳ ದಾರ. ಗಾಳಿಯ ಕಣಗಳಿಗೆ ಸದಾ ಬಡಿಯುತ್ತಿರುವುದರಿಂದ ಅವು ಲ್ಯಾಬಿನ ಉಂಗುರದಂತೆ ಸುತ್ತು ಹಾಕಲಾರವು, ಇಡೀ ದಾರವೇ ಕಾಂತಬಲಕ್ಕೆ ಬಾಗುತ್ತದೆ. ಆ ಕಾಂತಕ್ಷೇತ್ರ ಬರುವುದು ನಿಮ್ಮದೇ ವೆಲ್ಡಿಂಗ್ ಕರೆಂಟಿನಿಂದ. ಕರೆಂಟು ರಾಡಿನಿಂದ ಕೆಳಗಿಳಿದು, ಪ್ಲೇಟಿನಲ್ಲಿ ಅರ್ತ್ ಕ್ಲಾಂಪಿನ ಕಡೆ ಮೂಲೆ ತಿರುಗುತ್ತದೆ. ಆ ಮೂಲೆಯ ಒಳಮಗ್ಗುಲಲ್ಲಿ ಕ್ಷೇತ್ರದ ಗೆರೆಗಳು ದಟ್ಟವಾಗಿ, ಆರ್ಕನ್ನು ಕ್ಲಾಂಪಿನಿಂದ ದೂರಕ್ಕೆ ನೂಕುತ್ತವೆ. ಎರಡನೆಯದು ಪ್ಲೇಟಿನ ಅಂಚು. ಕಾಂತದ ಗೆರೆಗಳು ಗಾಳಿಗಿಂತ ಕಬ್ಬಿಣದಲ್ಲಿ ಸುಲಭವಾಗಿ ಹರಿಯುತ್ತವೆ. ತುದಿ ಹತ್ತಿರವಾದಂತೆ ಮುಂದೆ ಉಳಿದ ಚೂರು ಕಬ್ಬಿಣದಲ್ಲೇ ಎಲ್ಲವೂ ಒತ್ತೊತ್ತಾಗಿ ಆರ್ಕನ್ನು ಹಿಂದಕ್ಕೆ ತಳ್ಳುತ್ತವೆ.

ಎಸಿಯಲ್ಲಿ ಏಕೆ ಕಡಿಮೆ? ದಿಕ್ಕು ಬದಲಾಗುವುದರಿಂದ ಸರಿಹೋಗುತ್ತದೆ ಎಂದು ಅನೇಕರು ಹೇಳುತ್ತಾರೆ, ಅದು ಸರಿಯಲ್ಲ. ಕರೆಂಟು ತಿರುಗಿದಾಗ ಅದರ ಕ್ಷೇತ್ರವೂ ತಿರುಗುತ್ತದೆ, ಎರಡೂ ತಿರುಗಿದರೆ ಬಲದ ದಿಕ್ಕು ಮೊದಲಿನದೇ. ನಿಜವಾದ ಕಾರಣ ಪ್ಲೇಟಿನಲ್ಲಿದೆ. ಏರಿಳಿಯುವ ಕ್ಷೇತ್ರ ಪ್ಲೇಟಿನೊಳಗೆ ಸುಳಿಯಂತೆ ಸುತ್ತುವ ಎಡ್ಡಿ ಕರೆಂಟು ಹುಟ್ಟಿಸುತ್ತದೆ, ಅದು ಮೂಲ ಕ್ಷೇತ್ರವನ್ನೇ ತಗ್ಗಿಸುತ್ತದೆ.

ಮಾಡಬೇಕಾದ್ದು: ಅರ್ತ್ ಕ್ಲಾಂಪನ್ನು ಜಾಯಿಂಟಿನಿಂದ ದೂರ ಸರಿಸಿ, ಸಾಧ್ಯವಾದರೆ ಎರಡು ತುದಿಗೂ ಒಂದೊಂದು ಕ್ಲಾಂಪ್ ಹಾಕಿ. ಕ್ಲಾಂಪಿನಿಂದ ಆಚೆಗೆ ಸಾಗುವಂತೆ ವೆಲ್ಡ್ ಮಾಡಿ. ಜಾಯಿಂಟಿನ ಎರಡೂ ತುದಿಗೆ ಅದೇ ದಪ್ಪದ ಚೂರು ಪ್ಲೇಟನ್ನು ಟ್ಯಾಕ್ ಮಾಡಿದರೆ ನಿಜವಾದ ಅಂಚು ಮುಂದಕ್ಕೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಕತ್ತರಿಸಿ. ಆರ್ಕನ್ನು ಆದಷ್ಟು ಗಿಡ್ಡ ಇಡಿ, ಕರೆಂಟನ್ನು 10ರಿಂದ 20 ಆಂಪಿಯರ್ ಇಳಿಸಿ ನೋಡಿ, ಉದ್ದ ಜಾಯಿಂಟನ್ನು ತುಂಡು ತುಂಡಾಗಿ ಹಿಂದಕ್ಕೆ ಹಾಕುತ್ತ ಬನ್ನಿ. ಆಗಲೂ ನಿಲ್ಲದಿದ್ದರೆ ಆ ತುದಿಗಷ್ಟೇ ಎಸಿ ಮೆಷಿನ್ ಬಳಸಿ. 6013 ರಾಡ್ ಎಸಿಯಲ್ಲಿ ಆರಾಮಾಗಿ ಉರಿಯುತ್ತದೆ. 7018 ರಾಡಿಗೆ ಓಪನ್ ಸರ್ಕ್ಯೂಟ್ ವೋಲ್ಟೇಜು (ಆರ್ಕ್ ಹತ್ತುವ ಮೊದಲು ಮೆಷಿನ್ನಿನಲ್ಲಿರುವ ವೋಲ್ಟೇಜು) 70ರ ಮೇಲಿರಬೇಕು, ಇಲ್ಲದಿದ್ದರೆ ಆರ್ಕ್ ಮತ್ತೆ ಮತ್ತೆ ಆರುತ್ತದೆ.

ಪೈಪು ಕೆಲಸದಲ್ಲಿ ಕರೆಂಟು ಹಚ್ಚುವ ಮೊದಲೇ ಕಬ್ಬಿಣ ಕಾಂತವಾಗಿರಬಹುದು, ಮ್ಯಾಗ್ನೆಟ್ ಕ್ರೇನಿನಲ್ಲಿ ಎತ್ತಿದ ಸರಕಿನಲ್ಲಿ ಇದು ಹೆಚ್ಚು. ತೆಳು ಕಬ್ಬಿಣದ ತಂತಿಯನ್ನು ದಾರಕ್ಕೆ ಕಟ್ಟಿ ಗ್ರೂವಿನ ಹತ್ತಿರ ಇಳಿಬಿಡಿ, ಎಳೆದುಕೊಂಡರೆ ಕಾಂತವಿದೆ. ವೆಲ್ಡಿಂಗ್ ಕೇಬಲನ್ನೇ ಪೈಪಿಗೆ ನಾಲ್ಕೈದು ಸುತ್ತು ಸುತ್ತಿ ಕರೆಂಟು ಹರಿಸಿದರೆ ಎದುರು ಕ್ಷೇತ್ರ ಹುಟ್ಟುತ್ತದೆ. ಎಳೆತ ಹೆಚ್ಚಾದರೆ ಸುತ್ತನ್ನು ಉಲ್ಟಾ ಮಾಡಿ.

ಪ್ರಶ್ನೆ: ಎಂಆರ್‌ಐ ಮೆಷಿನ್ನಿನೊಳಗೆ ರೋಗಿಯನ್ನು ಕಳಿಸಿದ ಕೂಡಲೇ ಇಸಿಜಿಯಲ್ಲಿ ಟಿ ಅಲೆ ಎತ್ತರವಾಗುತ್ತದೆ, ಹೊರಗೆ ತಂದರೆ ಸರಿ. ರಕ್ತದಲ್ಲಿರುವ ಅಯಾನುಗಳು ಕಾಂತದಲ್ಲಿ ಸುತ್ತುವುದರಿಂದ ಹೀಗೆಯೇ? ರೋಗಿಗೆ ಅಪಾಯವೇ?
— ರೇಡಿಯಾಲಜಿ ತಂತ್ರಜ್ಞೆ, ಮಂಗಳೂರು

ಉತ್ತರ: ಅಯಾನುಗಳೇ ಕಾರಣ, ಆದರೆ ಅವು ಸುತ್ತುವುದಿಲ್ಲ. 1.5 ಟೆಸ್ಲಾದಲ್ಲಿ ಸೋಡಿಯಂ ಅಯಾನು ಖಾಲಿ ಜಾಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 10 ಲಕ್ಷ ಸುತ್ತು ಹಾಕುತ್ತಿತ್ತು. ರಕ್ತದಲ್ಲಿ ಅದೇ ಒಂದು ಸುತ್ತು ಮುಗಿಯುವಷ್ಟರಲ್ಲಿ ನೀರಿನ ಕಣಗಳಿಗೆ ಕೋಟಿಗಟ್ಟಲೆ ಸಲ ಡಿಕ್ಕಿ ಹೊಡೆಯುತ್ತದೆ. ಹೆಜ್ಜೆಹೆಜ್ಜೆಗೂ ಎಡವುವವನಿಗೆ ಪ್ರದಕ್ಷಿಣೆ ಎಲ್ಲಿಯದು? ಉಳಿಯುವುದು ಪಕ್ಕಕ್ಕೆ ಬೀಳುವ ಸಣ್ಣ ನೂಕು ಮಾತ್ರ. ಧನ ಅಯಾನು ರಕ್ತನಾಳದ ಒಂದು ಗೋಡೆಯ ಕಡೆಗೆ, ಋಣ ಅಯಾನು ಎದುರು ಗೋಡೆಯ ಕಡೆಗೆ ವಾಲಿ ನಡುವೆ ವೋಲ್ಟೇಜು ಏಳುತ್ತದೆ.

ಮಹಾಪಧಮನಿಯ ವ್ಯಾಸ 2.5 ಸೆಂಟಿಮೀಟರ್, ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 1 ಮೀಟರ್ ಎಂದಿಟ್ಟುಕೊಂಡರೆ 1 × 1.5 × 0.025, ಅಂದರೆ ಹೆಚ್ಚೆಂದರೆ 37 ಮಿಲಿವೋಲ್ಟ್. ಚರ್ಮಕ್ಕೆ ಬರುವಷ್ಟರಲ್ಲಿ ಬಹಳ ಕ್ಷೀಣಿಸುತ್ತದೆ, ಆದರೆ ಇಸಿಜಿಯಲ್ಲಿ ಚೂಪಾಗಿ ಎದ್ದು ಕಾಣುವ ಆರ್ ಅಲೆಯೇ ಸುಮಾರು 1 ಮಿಲಿವೋಲ್ಟ್ ಇರುವುದರಿಂದ ಇಷ್ಟೂ ಸಾಕು. ರಕ್ತ ಜೋರಾಗಿ ಚಿಮ್ಮುವುದು ಆರ್ ಅಲೆಯ ನಂತರ, ಹಾಗಾಗಿ ಕಲಬೆರಕೆ ಟಿ ಅಲೆಯ ಹೊತ್ತಿಗೆ ಕಾಣುತ್ತದೆ. ಈ ಅಲೆಯ ಬದಲಾವಣೆಯಿಂದ ರೋಗಿಗೆ ತೊಂದರೆಯಿಲ್ಲ. ತೊಂದರೆ ಇರುವುದು ಓದುವುದರಲ್ಲಿ: ಮೆಷಿನ್ನಿನೊಳಗಿನ ಇಸಿಜಿ ನೋಡಿ ಎಸ್‌ಟಿ ಅಥವಾ ಟಿ ಬದಲಾವಣೆಯನ್ನು ಹೃದಯದ ಕಾಯಿಲೆ ಎಂದು ನಿರ್ಧರಿಸಬಾರದು, ಹಾಗೆಯೇ ನಿಜವಾದ ಬದಲಾವಣೆ ಅದರ ಕೆಳಗೆ ಅಡಗಿರಬಹುದು ಎಂಬುದನ್ನೂ ಮರೆಯಬಾರದು. ಅನುಮಾನ ಬಂದರೆ ರೋಗಿಯನ್ನು ಹೊರಗೆ ತಂದು 12 ಲೀಡಿನ ಇಸಿಜಿ ತೆಗೆಸಿ. ಹೃದಯದ ಸ್ಕ್ಯಾನಿನಲ್ಲಿ ಮೆಷಿನ್ ಟಿ ಅಲೆಯನ್ನೇ ಆರ್ ಎಂದು ಹಿಡಿದು ಚಿತ್ರ ಕಲಸಿದರೆ ಲೀಡುಗಳ ಜಾಗ ಬದಲಿಸಿ ಆರ್ ಎತ್ತರ ಬರುವಂತೆ ಮಾಡಿ, ಅಥವಾ ಬೆರಳಿನ ನಾಡಿ ಸೆನ್ಸರಿನಿಂದ ಗೇಟಿಂಗ್ (ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಮಾಡಿ. 3 ಟೆಸ್ಲಾ ಮೆಷಿನ್ನಿನಲ್ಲಿ ಈ ಕಾಟ ಎರಡು ಪಟ್ಟು.

ಪ್ರಶ್ನೆ: ಮೈಕ್ರೋವೇವ್ ಓವನ್ನಿನಲ್ಲಿ ತಟ್ಟೆ ತಿರುಗುತ್ತದೆ, ಗುಂಯ್ ಶಬ್ದ ಜೋರು, ಬಿಸಿ ಮಾತ್ರ ಆಗುವುದಿಲ್ಲ. ಮ್ಯಾಗ್ನೆಟ್ರಾನಿನ ಫಿಲಮೆಂಟ್ ಸರಿ ಇದೆ.
— ರಿಪೇರಿ ಅಂಗಡಿ, ಹುಬ್ಬಳ್ಳಿ

ಉತ್ತರ: ಅಲೆ ಹುಟ್ಟಿಸುವ ಭಾಗವಾದ ಮ್ಯಾಗ್ನೆಟ್ರಾನಿನ ಮೇಲೆ ಕೆಳಗೆ ಇರುವ ಎರಡು ಕಪ್ಪು ಫೆರೈಟ್ ಬಳೆಗಳನ್ನು ಟಾರ್ಚು ಹಾಕಿ ನೋಡಿ. ಬಿರುಕು ಬಿಟ್ಟಿದ್ದರೆ ಕಾರಣ ಸಿಕ್ಕಿತು. ನಡುವಿನ ಕ್ಯಾಥೋಡಿನಿಂದ ಸುಮಾರು 4,000 ವೋಲ್ಟ್ ಸೆಳೆತಕ್ಕೆ ಹೊರಟ ಎಲೆಕ್ಟ್ರಾನುಗಳನ್ನು ಆ ಬಳೆಗಳ ಕ್ಷೇತ್ರ ಬಾಗಿಸಿ ಸುತ್ತಾಡಿಸುತ್ತದೆ. ಸುತ್ತುತ್ತ ಅವು ಆನೋಡಿನ ಗೂಡುಗಳಲ್ಲಿ 2.45 ಗಿಗಾಹರ್ಟ್ಸ್ ಅಲೆ ಎಬ್ಬಿಸುತ್ತವೆ. ಕ್ಷೇತ್ರ ಬಿದ್ದುಹೋದರೆ ನೇರವಾಗಿ ಆನೋಡಿಗೆ ಹೋಗಿ ಬಡಿಯುತ್ತವೆ. ಕರೆಂಟು ವಿಪರೀತ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುತ್ತದೆ, ಅಲೆ ಮಾತ್ರ ಇಲ್ಲ. ಶಾರ್ಟಾದ ಹೈ ವೋಲ್ಟೇಜ್ ಡಯೋಡಿನಲ್ಲೂ ಇದೇ ಶಬ್ದ ಬರುತ್ತದೆ, ಅದನ್ನೂ ತಪ್ಪದೆ ಪರೀಕ್ಷಿಸಿ. ಫಿಲಮೆಂಟಿನ ಓಮ್ ನೋಡಿ ಮ್ಯಾಗ್ನೆಟ್ರಾನ್ ಸರಿ ಎನ್ನಲು ಆಗುವುದಿಲ್ಲ, ಏಕೆಂದರೆ ಮಲ್ಟಿಮೀಟರಿಗೆ ಕಾಂತ ಕಾಣುವುದಿಲ್ಲ.

ದುರಸ್ತಿಯಾದ ಮೇಲೆ ಹೀಗೆ ನೋಡಿ: 1 ಲೀಟರ್ ನೀರನ್ನು ಫುಲ್ ಪವರಿನಲ್ಲಿ 1 ನಿಮಿಷ ಇಟ್ಟು, ಏರಿದ ಡಿಗ್ರಿಯನ್ನು 70ರಿಂದ ಗುಣಿಸಿ. ಬರುವುದು ವ್ಯಾಟ್. 800 ವ್ಯಾಟಿನ ಓವನ್ ಸುಮಾರು 11 ಡಿಗ್ರಿ ಏರಿಸಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜು ಉಳಿದಿರುತ್ತದೆ. ಅದನ್ನು ಡಿಸ್ಚಾರ್ಜ್ ಮಾಡದೆ ಒಳಗೆ ಕೈ ಹಾಕಲೇಬೇಡಿ. ಮ್ಯಾಗ್ನೆಟ್ರಾನಿನ ಸೆರಾಮಿಕ್ ಭಾಗವನ್ನು ಒಡೆಯಬೇಡಿ. ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ.

ಪ್ರಶ್ನೆ: ಸೈಕ್ಲೋಟ್ರಾನಿನಲ್ಲಿ ಪ್ರೋಟಾನನ್ನು ಓಡಿಸುತ್ತಾರೆ, ಹಗುರವಾದ ಎಲೆಕ್ಟ್ರಾನನ್ನು ಏಕಿಲ್ಲ?
— ಪ್ರೌಢಶಾಲಾ ಶಿಕ್ಷಕರು, ದಾವಣಗೆರೆ

ಉತ್ತರ: ಹಗುರವಾಗಿರುವುದೇ ಅಡ್ಡಿ. ಸೈಕ್ಲೋಟ್ರಾನ್ ಎಂದರೆ ಕಣಗಳನ್ನು ಕಾಂತಕ್ಷೇತ್ರದಲ್ಲಿ ಸುತ್ತಿಸುತ್ತ ವೇಗ ಏರಿಸುವ ಯಂತ್ರ. ಸುತ್ತಿನ ಕಾಲ ವೇಗದ ಮೇಲೆ ನಿಂತಿಲ್ಲ ಎಂಬ ಗುಣವನ್ನು ನಂಬಿ ಲಾರೆನ್ಸ್ ಮತ್ತು ಲಿವಿಂಗ್‌ಸ್ಟನ್ 1931ರಲ್ಲಿ ಅಂಗೈಯಗಲದ, 11 ಸೆಂಟಿಮೀಟರಿನ ಯಂತ್ರದಲ್ಲಿ 80,000 ಎಲೆಕ್ಟ್ರಾನ್ ವೋಲ್ಟ್ ಮುಟ್ಟಿದರು. ಕಾಂತ ಶಕ್ತಿ ಕೊಡುವುದಿಲ್ಲವಾದ್ದರಿಂದ, ಅರ್ಧ ಸುತ್ತಿಗೊಮ್ಮೆ ಎರಡು ಡೀಗಳ (ಇಂಗ್ಲಿಷ್ D ಆಕಾರದ ಟೊಳ್ಳು ಲೋಹದ ಪೆಟ್ಟಿಗೆಗಳ) ನಡುವಿನ ಸಂದಿಯಲ್ಲಿ ವಿದ್ಯುತ್ ಕ್ಷೇತ್ರ ದೂಡುತ್ತದೆ. ತಾಳ ತಪ್ಪದಿರುವವರೆಗೆ ಪ್ರತಿ ದೂಡುವಿಕೆಯೂ ಲಾಭ. ಆದರೆ ಶಕ್ತಿ ಏರಿದಂತೆ ಸಾಪೇಕ್ಷತೆಯ ಪ್ರಕಾರ ದ್ರವ್ಯರಾಶಿ ಏರಿದಂತಾಗಿ ಸುತ್ತು ನಿಧಾನವಾಗುತ್ತದೆ. ಎಲೆಕ್ಟ್ರಾನಿಗೆ 10,000 ಎಲೆಕ್ಟ್ರಾನ್ ವೋಲ್ಟಿನಲ್ಲೇ 2 ಶೇಕಡಾ ಏರಿಕೆ, 5.11 ಲಕ್ಷದಲ್ಲಿ ಎರಡು ಪಟ್ಟು. ಪ್ರೋಟಾನಿಗೆ 1.1 ಕೋಟಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಏರಿಕೆ ಬರೀ 1.2 ಶೇಕಡಾ. ಅಷ್ಟಕ್ಕೂ ನೂರಾರು ಸುತ್ತಿನಲ್ಲಿ ತಾಳ ತಪ್ಪುವುದರಿಂದ ಈಗಿನ ಯಂತ್ರಗಳ ಕಾಂತದ ಮುಖವನ್ನು ದಿಬ್ಬ-ತಗ್ಗುಗಳಾಗಿ ಕಡೆದು, ಹೊರಕ್ಕೆ ಹೋದಂತೆ ಸರಾಸರಿ ಕ್ಷೇತ್ರ ಹೆಚ್ಚುವಂತೆ ಮಾಡಿರುತ್ತಾರೆ. ಕೋಲ್ಕತ್ತದ ದೊಡ್ಡ ಸೈಕ್ಲೋಟ್ರಾನಿನಿಂದ ಮೊದಲ ಧಾರೆ ಬಂದದ್ದು 1977ರಲ್ಲಿ.

ತರಗತಿಯಲ್ಲಿ ಹೇಳಲು ಒಂದು ಸೊಗಸಾದ ಸಂಗತಿ ಇದೆ. ಪೆಟ್ ಸ್ಕ್ಯಾನಿಗೆ ಬೇಕಾದ ಫ್ಲೋರಿನ್-18 ತಯಾರಿಸುವ ಅನೇಕ ಯಂತ್ರಗಳಲ್ಲಿ ಪ್ರೋಟಾನಿನ ಬದಲು ಎರಡು ಎಲೆಕ್ಟ್ರಾನು ಹೊತ್ತ ಋಣ ಹೈಡ್ರೋಜನ್ ಅಯಾನನ್ನು ಓಡಿಸುತ್ತಾರೆ. ಕೊನೆಯ ಸುತ್ತಿನಲ್ಲಿ ಅದರ ದಾರಿಗೆ ತೆಳು ಇಂಗಾಲದ ಹಾಳೆ ಹಿಡಿಯುತ್ತಾರೆ. ಎರಡು ಎಲೆಕ್ಟ್ರಾನು ಅಲ್ಲೇ ಕಳಚಿ ಬರೀ ಪ್ರೋಟಾನು ಉಳಿಯುತ್ತದೆ, ಚಿಹ್ನೆ ಬದಲಾಗುತ್ತದೆ, ಅದೇ ಕಾಂತಕ್ಷೇತ್ರ ಈಗ ಅದನ್ನು ಎದುರು ದಿಕ್ಕಿಗೆ ಬಾಗಿಸಿ ಯಂತ್ರದಿಂದ ಹೊರಗೆ ಹಾಕುತ್ತದೆ. ಹೊರಬಂದ ಪ್ರೋಟಾನು ಆಕ್ಸಿಜನ್-18 ಇರುವ ನೀರಿಗೆ ಬಡಿದು ಫ್ಲೋರಿನ್-18 ಆಗುತ್ತದೆ. ಅದರ ಅರ್ಧಾಯು 110 ನಿಮಿಷ. ಬೆಂಗಳೂರಿನಲ್ಲಿ ತಯಾರಾದದ್ದು ಮೂರು ಗಂಟೆಯ ದಾರಿ ಸವೆಸುವಷ್ಟರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಉಳಿದಿರುತ್ತದೆ. ಸ್ಕ್ಯಾನಿಗೆ ಕರೆದ ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಆಸ್ಪತ್ರೆಯವರು ಒತ್ತಿ ಹೇಳುವುದು ಇದಕ್ಕೇ.

ಪ್ರಶ್ನೆ: 2024ರ ಮೇ ತಿಂಗಳಲ್ಲಿ ಲಡಾಖಿನಲ್ಲಿ ಧ್ರುವಪ್ರಭೆ ಕಂಡಿತಂತೆ. ಕರ್ನಾಟಕದಲ್ಲಿ ಯಾಕೆ ಕಾಣುವುದಿಲ್ಲ?
— ಓದುಗರು, ಚಿಕ್ಕಮಗಳೂರು

ಉತ್ತರ: ಸೂರ್ಯನ ಕಡೆಯಿಂದ ಬಂದ ಕಣಗಳು ವಾತಾವರಣಕ್ಕೆ ಬಡಿದಾಗ ಏಳುವ ಬೆಳಕೇ ಧ್ರುವಪ್ರಭೆ. ಈ ಕಣಗಳು ಭೂಮಿಯ ಕಾಂತದ ಗೆರೆಗಳನ್ನು ಅಡ್ಡ ದಾಟಲಾರವು, ಗೆರೆಗುಂಟ ಜಾರಬಲ್ಲವು. ನಮ್ಮ ಕ್ಷೇತ್ರದಲ್ಲಿ 10,000 ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನು ಹಾಕುವ ಸುತ್ತಿನ ತ್ರಿಜ್ಯ ಎಂಟು ಮೀಟರು ಚಿಲ್ಲರೆ, ಒಂದು ಮನೆಯಂಗಳದಷ್ಟು. ನೂರಾರು ಕಿಲೋಮೀಟರು ಅಡ್ಡ ಸಾಗಿ ನಮ್ಮ ತಲೆಯ ಮೇಲೆ ಬರುವ ಮಾತೇ ಇಲ್ಲ. ಧ್ರುವಗಳ ಹತ್ತಿರ ಗೆರೆಗಳು ನೆಲಕ್ಕೆ ನೆಟ್ಟಗೆ ಇಳಿಯುತ್ತವೆ, ಕಣಗಳೂ ಅವುಗಳ ಜೊತೆ ಇಳಿಯುತ್ತವೆ. ನಮ್ಮಲ್ಲಿ ಗೆರೆಗಳು ಹೆಚ್ಚುಕಡಿಮೆ ಮಲಗಿವೆ. ಕಾಂತೀಯ ಸಮಭಾಜಕ ಕೇರಳದ ತುಂಬಾ ಎಂಬ ಊರಿನ ಹತ್ತಿರ ಹಾದುಹೋಗುತ್ತದೆ. 1963ರ ರಾಕೆಟ್ ಉಡಾವಣೆಗೆ ಆ ಊರನ್ನು ಆರಿಸಿದ್ದೂ ಅದಕ್ಕಾಗಿಯೇ. ಈ ಮಲಗಿದ ಗೆರೆಗಳ ಕಾವಲು ಎಷ್ಟು ಗಟ್ಟಿ ಎಂದರೆ ದಕ್ಷಿಣ ಭಾರತದಲ್ಲಿ ನೆತ್ತಿಯ ಮೇಲಿಂದ ನೇರ ಇಳಿಯಲು ಬಾಹ್ಯಾಕಾಶದಿಂದ ಬರುವ ವಿಶ್ವಕಿರಣದ ಪ್ರೋಟಾನಿಗೆ ಸುಮಾರು 1,700 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು.

ಧ್ರುವದ ಕಡೆಗೂ ಎಲ್ಲ ಕಣ ಇಳಿಯುವುದಿಲ್ಲ. ಗೆರೆಗಳು ಒತ್ತಾಗಿ ಕ್ಷೇತ್ರ ಬಲವಾದಂತೆ ಕಣದ ಸುತ್ತುವ ವೇಗ ಹೆಚ್ಚುತ್ತದೆ. ಒಟ್ಟು ವೇಗ ಬದಲಾಗುವಂತಿಲ್ಲವಾದ್ದರಿಂದ ಗೆರೆಗುಂಟ ಜಾರುವ ವೇಗ ಇಳಿಯುತ್ತ ಸೊನ್ನೆಯಾಗಿ, ಕಣ ಬಂದ ದಾರಿಗೆ ಹಿಂತಿರುಗುತ್ತದೆ. ಇದು ಕಾಂತ ಕನ್ನಡಿ. 1958ರಲ್ಲಿ ಗುರುತಿಸಿದ ವ್ಯಾನ್ ಅಲೆನ್ ವಲಯಗಳಲ್ಲಿ ಕಣಗಳು ಹೀಗೆ ಉತ್ತರ-ದಕ್ಷಿಣದ ನಡುವೆ ಪುಟಿಯುತ್ತಲೇ ಇರುತ್ತವೆ. ಗೆರೆಗೆ ಬಹುಪಾಲು ಸಮಾಂತರವಾಗಿ ಬಂದವು ಮಾತ್ರ ಕನ್ನಡಿ ದಾಟಿ ವಾತಾವರಣಕ್ಕೆ ಬಡಿದು ಬೆಳಗುತ್ತವೆ.

2024ರ ಮೇ 10-11ರ ಕಾಂತ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಸೆರೆಯಾದದ್ದು ಕೆಂಪು ಬೆಳಕು. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಕೆಂಪು ಬರುವುದು 200 ಕಿಲೋಮೀಟರಿಗೂ ಮೇಲಿನ ಆಕ್ಸಿಜನ್ನಿನಿಂದ. ಅಷ್ಟು ಎತ್ತರದಲ್ಲಿರುವುದರಿಂದಲೇ ದೂರದ ದಕ್ಷಿಣದವರಿಗೂ ಉತ್ತರ ದಿಗಂತದಲ್ಲಿ ಇಣುಕುತ್ತದೆ. 100 ಕಿಲೋಮೀಟರಿನ ಆಸುಪಾಸಿನ ಹಸಿರು ದಿಗಂತದ ಕೆಳಗೇ ಉಳಿಯುತ್ತದೆ. ಮುಂದಿನ ಬಿರುಗಾಳಿಯ ಹೊತ್ತಿಗೆ ಹಾನ್ಲೆಯಲ್ಲಿರುವವರು ಬರಿಗಣ್ಣನ್ನು ನಂಬಿ ಕೂರಬೇಡಿ, ಇಷ್ಟು ಮಂದ ಕೆಂಪು ಕಣ್ಣಿಗೆ ಬೂದುಬಣ್ಣದ ಮಬ್ಬಿನಂತೆ ಕಾಣಬಹುದು ಅಥವಾ ಕಾಣದೆಯೂ ಇರಬಹುದು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಉತ್ತರಕ್ಕೆ ತಿರುಗಿಸಿ, 10ರಿಂದ 20 ಸೆಕೆಂಡು ಎಕ್ಸ್‌ಪೋಷರ್ ಕೊಡಿ.